ಮಾಲಿಶ್ ಬಾಯಿಗೆ ನಾನು ಹೇಳಿದ ವಾರ

ಚಿಮಣಿ, ಗುಂಡೂ,

ನಿಮ್ಮ ಶಾಲೆಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರೇ ನನ್ನ ಕೈಗೆ ಸಲೀಸು. ಚಿಮಣಿ, ನಿನ್ನನ್ನು ಹಾಗೆ ಮೊದಲು ಕರೆದವಳು ನಾಸಿಕದ ಒಬ್ಬ ಮಾಲಿಶ್ ಬಾಯಿ, ಅಂದರೆ ಎಣ್ಣೆ ಹಚ್ಚಿ ತಿಕ್ಕುವ ಹೆಂಗಸು. ಮರಾಠಿಯಲ್ಲಿ ಚಿಮಣಿ ಎಂದರೆ ಗುಬ್ಬಿ. ಅದನ್ನು ಕೇಳಿ ನಿಮ್ಮ ಅಜ್ಜ, "ನಮ್ಮ ಕಡೆ ಚಿಮಣಿ ಅಂದ್ರ ದೀಪ. ಆತು ಬಿಡು, ಮನಿಗೆ ಗುಬ್ಬೀನೂ ಬಂತು, ದೀಪಾನೂ ಬಂತು" ಎಂದು ನಕ್ಕಿದ್ದರು. ಹೀಗೆ ಒಂದೇ ಪದ ಎರಡು ಭಾಷೆಗಳಲ್ಲಿ ಎರಡು ಅರ್ಥವಾಗುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಅಂಥದೇ ಇನ್ನೊಂದು ಪದದಿಂದ ನಾನೊಂದು ಸುಳ್ಳಿಗೆ ಬಿದ್ದೆ. ಆ ಸುಳ್ಳಿನ ಪೆಟ್ಟು ನಿನಗೆ ಬಿತ್ತು, ಚಿಮಣಿ. ನೀನು ಮರೆತಿರಬಹುದು. ನಾನು ಮರೆತಿಲ್ಲ. ಬಾಯಿಬಿಟ್ಟು ಹೇಳಲು ನನಗೆ ಆಗದು, ಆದ್ದರಿಂದ ಬರೆಯುತ್ತಿದ್ದೇನೆ.

ನಾಸಿಕದಲ್ಲಿ ನಿಮ್ಮ ಅಜ್ಜನ ಕಚೇರಿ ದೇವಳಾಲಿಯ ಸೈನ್ಯದ ಕ್ಯಾಂಪಿನಲ್ಲಿತ್ತು. ಫಿರಂಗಿ ಅಭ್ಯಾಸ ನಡೆದ ದಿನ ನಮ್ಮ ಕ್ವಾರ್ಟರ್ಸಿನ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಚಿಮಣಿ ಹುಟ್ಟಿದಾಗ ನಲವತ್ತು ದಿನ ಮಗುವಿಗೂ ನಿಮ್ಮ ಅವ್ವನಿಗೂ ಎಣ್ಣೆ ಹಚ್ಚಿ ತಿಕ್ಕಲು ಆ ಬಾಯಿ ಬರುತ್ತಿದ್ದಳು. ಕಾಲು ಚಾಚಿ ಕುಳಿತು ನಿನ್ನನ್ನು ತನ್ನ ಕಾಲುಗಳ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಫಿರಂಗಿ ಸದ್ದಿಗೆ ನೀನು ಬೆಚ್ಚಿದರೆ ಅವಳು ಅಂಗೈಯನ್ನು ನಿನ್ನ ಎದೆಯ ಮೇಲೆ ಸುಮ್ಮನೆ ಇಡುತ್ತಿದ್ದಳು. ನೀನು ಸುಮ್ಮನಾಗುತ್ತಿದ್ದೆ. ನಾನು ಬಿಸಿನೀರಿನ ತಂಬಿಗೆ ಹಿಡಿದು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಕೊನೆಯ ದಿನ ಅವಳು, "ಬಾ ಆಜಿ, ನಿನ್ನ ಬೆನ್ನಿಗೂ ಎರಡು ಕೈ ಹಾಕುತ್ತೇನೆ" ಎಂದಳು. "ನನಗ್ಯಾಕ ಬೇಕವ್ವ" ಎಂದು ಅಡುಗೆಮನೆಗೆ ಓಡಿದೆ. ಬೇಕಿತ್ತು.

ನನ್ನ ಮೈಗೆ ಇನ್ನೊಬ್ಬರು ಕೊನೆಯ ಸಲ ಎಣ್ಣೆ ಹಚ್ಚಿದ್ದು ನಿಮ್ಮ ಅಪ್ಪ ಹುಟ್ಟಿದಾಗ, ತವರಿನ ಬಚ್ಚಲಲ್ಲಿ, ನನ್ನ ಅವ್ವ. ಆಮೇಲೆ ಎಣ್ಣೆ ಹಚ್ಚುವ ಕೈ ಯಾವಾಗಲೂ ನನ್ನದೇ ಆಯಿತು. ಮಕ್ಕಳ ತಲೆಗೆ, ಅತ್ತೆಯ ಮಂಡಿಗೆ, ಕೊನೆಯ ವರ್ಷಗಳಲ್ಲಿ ನಿಮ್ಮ ಅಜ್ಜನ ಮೀನಖಂಡಕ್ಕೆ. ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ಮಣೆಯ ಮೇಲೆ ಕೂರಿಸಿ ನನ್ನ ನೆತ್ತಿಗೂ ನಾಲ್ಕು ಹನಿ ಎಣ್ಣೆ ಒತ್ತುತ್ತಿದ್ದರು. ನಿಮ್ಮ ಅಜ್ಜ ಹೋದ ಮೇಲೆ ಅದೂ ನಿಂತಿತು. ಯಾರೂ ಬೇಡ ಎನ್ನಲಿಲ್ಲ. ನಾನೇ ಒಳಗೆ ಉಳಿದೆ, ಯಾರೂ ಕರೆಯಲಿಲ್ಲ.

ಅಷ್ಟರಲ್ಲಿ ನಿಮ್ಮ ಅಪ್ಪನಿಗೆ ಔರಂಗಾಬಾದಿಗೆ ವರ್ಗವಾಯಿತು. ಈಗ ಅದನ್ನು ಛತ್ರಪತಿ ಸಂಭಾಜಿನಗರ ಎನ್ನುತ್ತೀರಿ. ಮೂರನೆಯ ಮಹಡಿಯ ಮನೆ. ಬೆಳಗ್ಗೆ ಒಂಬತ್ತೂವರೆಗೆ ನೀವು ನಾಲ್ವರೂ ಹೊರಬಿದ್ದರೆ ಮನೆ ಒಮ್ಮೆಲೇ ನಿಶ್ಶಬ್ದವಾಗುತ್ತಿತ್ತು. ನನ್ನನ್ನು ಯಾರೂ ಕಡೆಗಣಿಸಿದ್ದಿಲ್ಲ, ಅದನ್ನು ಖಂಡಿತ ಬರೆಯಬೇಕು. ಊಟ, ಔಷಧ, ಮಾತು ಎಲ್ಲವೂ ಹೊತ್ತಿಗೆ ಸರಿಯಾಗಿ ಇತ್ತು. ಆದರೆ ಮುಟ್ಟುವುದು ಎಂಬುದೊಂದಿದೆಯಲ್ಲ, ಅದು ಇರಲಿಲ್ಲ. ಪರೀಕ್ಷೆಯ ದಿನ ನೀವಿಬ್ಬರು ಕಾಲಿಗೆ ಬೀಳುವಾಗ ನಿಮ್ಮ ಬೆರಳು ನನ್ನ ಪಾದಕ್ಕೆ ತಾಗುತ್ತಿತ್ತು, ಅಷ್ಟೇ.

ಅಲ್ಲಿಗೆ ಬಂದ ಎರಡನೆಯ ಚಳಿಗಾಲದಲ್ಲಿ ನನ್ನ ಬಲತೋಳು ಹಿಡಿದುಕೊಂಡಿತು. ಹೆಗಲಿಂದ ಮೇಲೆ ಏಳದು. ಹೆರಳು ಹಾಕಿಕೊಳ್ಳಲೂ ಆಗದು. ಡಾಕ್ಟರು ಗುಳಿಗೆ ಕೊಟ್ಟು, ಬಿಸಿ ಎಣ್ಣೆಯ ಮಾಲಿಶ್ ಮಾಡಿಸಿರಿ ಎಂದರು. ಮರುದಿನವೇ ನಿಮ್ಮ ಅವ್ವ ತನ್ನ ಬ್ಯಾಂಕಿನ ಹತ್ತಿರದ ಮಾಲಿಶ್ ಕೇಂದ್ರದ ಬಣ್ಣದ ಕಾಗದವೊಂದನ್ನು ತಂದು ನನ್ನ ಮುಂದಿಟ್ಟಳು. ಹೋಟೆಲಿನ ತಿಂಡಿಯ ಪಟ್ಟಿಯ ಹಾಗೆ ಅದರಲ್ಲಿ ಮಾಲಿಶ್‌ಗಳ ಹೆಸರುಗಳಿದ್ದವು. ಸ್ವೀಡಿಶ್, ಥಾಯ್, ಅಭ್ಯಂಗ, ಬಿಸಿ ಪೊಟ್ಟಣದ ಶಾಖ. ತಿಂಗಳಿಗೆ ನಾಲ್ಕು ಸಲದ್ದು, ಎಂಟು ಸಲದ್ದು, ಬೇಕಾದಷ್ಟು ಸಲದ್ದು.

"ಯಾವುದು ಬೇಕ್ರಿ ಅತ್ತೀ? ನೀವs ಆರಿಸ್ರಿ."

"ಇದ್ರಾಗ ಕುಬಸ ಬಿಚ್ಚಲಾರದ್ದು ಯಾವುದದ?"

"ಯಾವುದೂ ಇಲ್ರಿ. ಎಲ್ಲಾ ಬಿಚ್ಚೋವs!" ನಿಮ್ಮ ಅವ್ವ ನಗುತ್ತ ಕಾಗದ ಮಡಚಿದಳು. "ಬ್ಯಾಡ ಬಿಡ್ರಿ. ಮನಿಗೇ ಒಬ್ಬಾಕೀನ ಕಳಸ್ತೀನಿ. ವಾರಕ್ಕೊಮ್ಮೆ ಬರ್ಲಿ, ಸಾಕಲ್ಲ?"

"ಸಾಕವ್ವ."

ಸೋಮವಾರ ಹನ್ನೊಂದಕ್ಕೆ ಈ ಊರಿನ ಮಾಲಿಶ್ ಬಾಯಿ ಬಂದಳು; ನಾಸಿಕದವಳಲ್ಲ, ಬೇರೆಯವಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಗಟ್ಟಿ ಆಳು, ದೊಡ್ಡ ಬಾಯಿ. ನಾನು ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ ಎಂದೆ, ಅವಳು ನನ್ನನ್ನು ಆಜಿ ಎಂದಳು. ಎಳ್ಳೆಣ್ಣೆಗೆ ಓಮ, ಬೆಳ್ಳುಳ್ಳಿ ಹಾಕಿ ಕಾಯಿಸಿ, ಹಳೆಯ ಚಾದರ ಹಾಸಿ, ಕಿಟಕಿಯ ಪರದೆ ಎಳೆದಳು. ನಾನು ಗೋಡೆಯ ಕಡೆ ಮುಖ ಮಾಡಿ, ಸೆರಗು ಹೊದ್ದುಕೊಂಡೇ ಕುಬಸ ಬಿಚ್ಚಿ ಕುಳಿತೆ.

"ಚೋಳೂ ಕೀ ದಾಬೂ?" ಎಂದಳು. ತಿಕ್ಕಲೋ, ಒತ್ತಲೋ ಎಂದು.

ನನಗೆ ಬೇಕಾದದ್ದು ಆ ಎರಡೂ ಅಲ್ಲ. ನಮ್ಮ ಭಾಷೆಯಲ್ಲಿ ನೀವುವುದು ಎನ್ನುತ್ತೇವೆ. ಅಂಗೈಯನ್ನು ಬೆನ್ನಿನ ಮೇಲಿಟ್ಟು, ಭಾರ ಹಾಕದೆ, ಮೇಲಿಂದ ಕೆಳಗೆ ನಿಧಾನವಾಗಿ ಸರಿಸುವುದು. ಅದನ್ನು ಮರಾಠಿಯಲ್ಲಿ ಕೇಳುವ ಬಗೆ ನನಗೆ ತಿಳಿಯಲಿಲ್ಲ. ತಿಳಿದಿದ್ದರೂ ಕೇಳುತ್ತಿರಲಿಲ್ಲ. "ತಿಕ್ಕು" ಎಂದೆ. ಅವಳು ತಿಕ್ಕಿದಳು. ಹೆಗಲಿನ ಗಂಟು ಹುಡುಕಿ ಹೆಬ್ಬೆರಳಿನಿಂದ ಅರೆದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಎಲ್ಲಾ ನೀರೂ ನೋವಿನದೇ ಎಂದು ಹೇಳಲಾರೆ.

ಕೈ ಒರೆಸಿಕೊಳ್ಳುತ್ತ ಅವಳು, ಯಾವಾಗ ಯಾವಾಗ ಬರಲಿ ಎಂದು ಕೇಳಿದಳು. ನಾನಿನ್ನೂ ಕುಬಸದ ಗುಂಡಿ ಹಾಕಿಕೊಳ್ಳುತ್ತಿದ್ದೆ. ನಾಚಿಕೆ, ಗಡಿಬಿಡಿ.

"ದರ ವಾರೀ ಯಾ" ಎಂದೆ.

ಪ್ರತಿ ವಾರ ಬಾ ಎಂದು ನನ್ನ ಮನಸ್ಸಿನಲ್ಲಿ. ಮರಾಠಿಯಲ್ಲಿ ವಾರಕ್ಕೆ ಆಠವಡಾ ಎನ್ನುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಸಂತೆಯಲ್ಲಿ ಉಳ್ಳಾಗಡ್ಡಿ ಕೊಂಡವಳು ನಾನು. ಆದರೆ ಆ ಹೊತ್ತಿಗೆ ಬಾಯಿಗೆ ಬಂದದ್ದು ನಮ್ಮ ಪದ. ಅವರಿಗೆ ವಾರ ಎಂದರೆ ದಿನ. ಸೋಮವಾರ ಒಂದು ವಾರ, ಮಂಗಳವಾರ ಇನ್ನೊಂದು.

"ಬರಂ, ಆಗಲಿ. ರವಿವಾರ ಮಾತ್ರ ನನಗೆ ರಜೆ" ಎಂದು ಹೇಳಿ ಅವಳು ಹೋದಳು. ಸೋಮವಾರಕ್ಕೊಮ್ಮೆ ಬರುವವಳಿಗೆ ರವಿವಾರದ ಮಾತೇಕೆ ಎಂದು ನನಗೆ ಹೊಳೆಯಲಿಲ್ಲ.

ಮರುದಿನ ಹನ್ನೊಂದಕ್ಕೆ ಬಾಗಿಲ ಗಂಟೆ ಸದ್ದಾಯಿತು. ತೆರೆದರೆ ಅವಳೇ.

"ಮಾವಶಿ, ಇಂದು ಮಂಗಳವಾರ" ಎಂದೆ.

"ಹೋ ನಾ, ಮಂಗಳವಾರ" ಎಂದು ಒಪ್ಪಿಕೊಂಡು ಅವಳು ಚಪ್ಪಲಿ ಬಿಟ್ಟು ಒಳಗೆ ನಡೆದೇಬಿಟ್ಟಳು.

ಆಗ ನನಗೆ ನನ್ನ ತಪ್ಪು ತಿಳಿಯಿತು. ತಿದ್ದಲು ಒಂದೇ ಪದ ಸಾಕಿತ್ತು. ನಾನು ಎಣ್ಣೆ ಕಾಯಿಸಲು ಹೋದೆ.

ಹೀಗೆ ವಾರಕ್ಕೆ ಆರು ದಿನ, ಸುಮಾರು ನಾಲ್ಕು ತಿಂಗಳು. ಅವಳ ಪಗಾರ ನನ್ನ ಪಿಂಚಣಿಯಿಂದ ಹೋಗುತ್ತಿತ್ತು, ಕೇಳುವವರಿರಲಿಲ್ಲ. ಅವಳು ತಿಕ್ಕುತ್ತ ಇಡೀ ಕಾಲೊನಿಯ ಸುದ್ದಿ ಹೇಳುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ, ಅವಳ ಕೈಯ ಮೇಲೆ ನನ್ನ ಕೈಯಿಂದ ನೀವಿ, ಹೀಗೆ ಮಾಡು ಎಂದು ತೋರಿಸಿದೆ. ಅವಳು ಹಾಗೆಯೇ ನನ್ನ ಬೆನ್ನು ನೀವುತ್ತ ಗಹಗಹಿಸಿ ನಕ್ಕಳು.

"ಹೇ ಮಾಲಿಶ್ ನವ್ಹೇ ಆಜಿ, ಹೇ ತರ ಲಾಡ!"

ಇದು ಮಾಲಿಶ್ ಅಲ್ಲ, ಮುದ್ದು ಮಾಡುವುದು ಎಂದು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಮುಂದೆ ಎಂದೂ ಹಾಗೆ ಕೇಳಲಿಲ್ಲ. "ಚೋಳೂ ಕೀ ದಾಬೂ" ಎಂದರೆ ತಿಕ್ಕು ಎಂದಷ್ಟೇ ಹೇಳುತ್ತಿದ್ದೆ.

ದಿನವೂ ತಿಕ್ಕಿಸಿಕೊಂಡರೆ ತೋಳು ವಾಸಿಯಾಗದೆ ಇರುತ್ತದೆಯೇ? ಎರಡೇ ತಿಂಗಳಲ್ಲಿ ಕೈ ನೆತ್ತಿಯ ಮೇಲೆ ಹೋಯಿತು. ಅಂದು ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ತೋಳು ಸರಿಯಾದರೆ ಅವಳಿಗೆ ಬರಲು ಕಾರಣವೇ ಇಲ್ಲ. ಸಂಜೆ ನಿಮ್ಮ ಅವ್ವ "ಹೆಂಗದರೀ ಕೈ?" ಎಂದು ಕೇಳಿದಾಗ ಹೆಗಲ ಮಟ್ಟಕ್ಕೆ ಎತ್ತಿ, ಮುಖ ಕಿವುಚಿ, ಇಳಿಸಿದೆ. ಮತ್ತೆ ಎರಡು ತಿಂಗಳು ಹಾಗೆಯೇ ಕಳೆದೆ. ನಿಮ್ಮ ಅವ್ವ ಬ್ಯಾಂಕಿಗೆ ಹೋಗುವ ಅವಸರದಲ್ಲಿಯೂ ನಿಂತು ನನ್ನ ಹೆರಳು ಹಾಕಿ ಹೋಗುತ್ತಿದ್ದಳು. ಅದಕ್ಕೂ ನಾನು ತಲೆ ಒಡ್ಡಿದೆ.

ಒಂದು ಗುರುವಾರ ನಿಮ್ಮ ಶಾಲೆ ಬೇಗ ಬಿಟ್ಟಿತು. ಗುಂಡು ಕೆಳಗೆ ಆಡಲು ನಿಂತ. ಚಿಮಣಿ, ನೀನು ಮೇಲೆ ಬಂದೆ. ಆಗಷ್ಟೇ ಬಾಯಿ ಕೆಲಸ ಮುಗಿಸಿ ಹೋಗಿದ್ದಳು, ನಾನು ಎಣ್ಣೆಯ ಸೀಸೆಯನ್ನು ಮೇಲಿನ ಹಲಗೆಗೆ ಇಡುತ್ತಿದ್ದೆ. ಬಲಗೈಯಿಂದ, ತುದಿಗಾಲಲ್ಲಿ.

"ಅಜ್ಜೀ, ತುಝಾ ಹಾತ್! ಕೈ ಮ್ಯಾಲೆ ಹೋಯ್ತು!" ಎಂದು ನೀನು ಚಪ್ಪಾಳೆ ತಟ್ಟಿದೆ.

ಸಂಜೆ ಎಲ್ಲರೂ ಊಟಕ್ಕೆ ಕುಳಿತಾಗ ನೀನು ಅದನ್ನೇ ಸಂಭ್ರಮದಿಂದ ಹೇಳಿದೆ. ನಿಮ್ಮ ಅವ್ವ ನನ್ನ ಕಡೆ ನೋಡಿದಳು. ನಾನು ತಟ್ಟೆ ನೋಡುತ್ತ, "ಇಲ್ಲವ್ವ. ಎಡಗೈ ಇರಬೇಕು. ಅಕೀಗೆ ಹಂಗ ಕಂಡದ" ಎಂದೆ.

"ನಹೀ, ಬಲಗೈನೇ! ಮೀ ಬಘಿತಲಂ!" ನಾನು ನೋಡಿದೆ ಎಂದು ನೀನು ಹಟ ಹಿಡಿದೆ. ನಿಮ್ಮ ಅಪ್ಪ, "ಅಜ್ಜಿ ಇಲ್ಲ ಅಂದ್ರ ಇಲ್ಲ. ದೊಡ್ಡವ್ರ ಮುಂದ ಸುಳ್ಳು ಹೇಳಬ್ಯಾಡ" ಎಂದು ಗದರಿಸಿದ. ನೀನು ಅನ್ನ ಬಿಟ್ಟು ಎದ್ದು ಹೋದೆ. ಹೋಗುವಾಗ ಒಮ್ಮೆ ನನ್ನ ಕಡೆ ನೋಡಿದೆ. ನಿನಗಾಗ ಒಂಬತ್ತು ವರ್ಷ.

ಇಷ್ಟು ತಿಂಗಳಾದರೂ ಕೈ ಏಳದು ಎಂದು ಗಾಬರಿಯಾಗಿ ನಿಮ್ಮ ಅವ್ವ ಮರುದಿನ ರಜೆ ಹಾಕಿ ನನ್ನನ್ನು ಡಾಕ್ಟರ ಹತ್ತಿರ ಹೊರಡಿಸಿದಳು. ಬಾಗಿಲಿಗೆ ಬೀಗ ಹಾಕುತ್ತಿದ್ದೆವು, ಬಾಯಿ ಮೆಟ್ಟಿಲು ಹತ್ತಿ ಬಂದಳು.

"ಶುಕ್ರವಾರ ಯಾಕೆ ಬಂದೆ ಮಾವಶಿ? ನಿನ್ನದು ಸೋಮವಾರ ಅಲ್ಲವೇ?" ನಿಮ್ಮ ಅವ್ವ ಮರಾಠಿಯಲ್ಲಿ ಕೇಳಿದಳು.

"ದಿನವೂ ಬರುತ್ತೇನಲ್ಲ ತಾಯಿ! ಆಜಿಯೇ ಹೇಳಿದ್ದು, ದರ ವಾರೀ ಯಾ ಅಂತ."

ನಿಮ್ಮ ಅವ್ವ ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ ಅರ್ಥವಾಗಿ, ಗೋಡೆಗೆ ಆನಿಕೊಂಡು ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಮ್ಮ ವಾರ, ನಿಮ್ಮ ವಾರ ಎಂದು ಬಾಯಿಗೆ ಬಿಡಿಸಿ ಹೇಳಿದಳು. ಬಾಯಿ ಹಣೆ ಬಡಿದುಕೊಂಡು ತಾನೂ ನಕ್ಕಳು. ನಗು ನಿಂತ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹಾಗಾದರೆ ಮೊದಲ ಮಂಗಳವಾರವೇ ನಿನಗೆ ಗೊತ್ತಾಗಿತ್ತಲ್ಲ ಆಜಿ?" ಎಂದಳು.

ನಾನು ಬೀಗದ ಕೈ ನೋಡುತ್ತಿದ್ದೆ.

"ಈಗ ನೀವs ಹೇಳ್ರಿ ಅತ್ತೀ" ಎಂದಳು ನಿಮ್ಮ ಅವ್ವ. ಅವಳ ದನಿಯಲ್ಲಿ ಕುಹಕವಿರಲಿಲ್ಲ. "ದಿನಾ ಬೇಕಂದ್ರ ದಿನಾ ಬರ್ಲಿ. ಎಷ್ಟು ಸಲ ಬೇಕ್ರಿ?"

ಇಬ್ಬರೂ ಕಾಯುತ್ತಿದ್ದರು. ದಿನಾ ಎಂಬುದು ಎರಡೇ ಅಕ್ಷರ. ನಾನು ಬಾಯಿಯ ಕಡೆ ನೋಡಿ, "ಆಠವಡ್ಯಾತೂನ ಏಕದಾ" ಎಂದೆ. ವಾರಕ್ಕೊಮ್ಮೆ. ಆ ದಿನ ನನ್ನ ಮರಾಠಿ ಒಂದಿಷ್ಟೂ ತಪ್ಪಲಿಲ್ಲ.

ಡಾಕ್ಟರ ಮುಂದೆ ಕೈಯನ್ನು ಪೂರ್ತಿ ಎತ್ತಿಬಿಟ್ಟೆ. ಮನೆಗೆ ಬಂದು ನಿಮ್ಮ ಅವ್ವ, ಇವತ್ತೇ ಕೈ ಸಡಿಲಾಯಿತು ಎಂದು ಎಲ್ಲರಿಗೂ ಹೇಳಿದಳು. ನನ್ನ ಮರ್ಯಾದೆ ಉಳಿಯಿತು. ಚಿಮಣಿ, ನಿನ್ನದು ಉಳಿಯಲಿಲ್ಲ. ನೀನು ನೋಡಿದ್ದು ನಿಜ, ಬಲಗೈಯೇ ಅದು. ಅದನ್ನು ಅಂದೇ ಹೇಳಬೇಕಿತ್ತು.

ಆಮೇಲಿನ ಒಂದು ರವಿವಾರ ನಿಮ್ಮ ಅವ್ವ ತಾನೇ ಎಣ್ಣೆಯ ಸೀಸೆ ಹಿಡಿದು ಬಂದು, "ಕೂಡ್ರಿ ಅತ್ತೀ, ಹಚ್ಚತೀನಿ" ಎಂದಳು. "ಬ್ಯಾಡವ್ವ, ನಿನಗ ವಾರೆಲ್ಲಾ ದಣಿವಾಗಿರತದ" ಎಂದೆ. ಅವಳು ನನ್ನ ಮಾತನ್ನು ನಂಬಿ ಸೀಸೆ ಒಳಗಿಟ್ಟಳು. ಇನ್ನೊಮ್ಮೆ ಕೇಳಲಿಲ್ಲ.

ಬಾಯಿ ಸೋಮವಾರಕ್ಕೊಮ್ಮೆ ಬಂದಳು, ಮಗಳ ಊರು ಚಾಂದವಡಕ್ಕೆ ಹೋಗುವವರೆಗೂ. ಹೆಗಲು ತಿಕ್ಕಿ ಮುಗಿಸಿದ ಮೇಲೆ, ನಾನು ಕೇಳದಿದ್ದರೂ, ಸ್ವಲ್ಪ ಹೊತ್ತು ಸುಮ್ಮನೆ ಬೆನ್ನು ನೀವುತ್ತಿದ್ದಳು. ಆಗ ಕಾಲೊನಿಯ ಸುದ್ದಿ ಹೇಳುತ್ತಿರಲಿಲ್ಲ. ಉಳಿದ ದಿನ ಹನ್ನೊಂದು ಗಂಟೆಗೆ ನಾನು ಮುಂಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದೆ. ಅಡುಗೆಮನೆಯಲ್ಲಿ ಬೆಳಕು ಕಡಿಮೆ ಎಂದು ನಿಮಗೆ ಹೇಳಿದ್ದೆ. ಅದೂ ಪೂರ್ತಿ ನಿಜವಲ್ಲ.

ಕನ್ನಡ ನಿಮಗೆ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ನಿಮ್ಮ ಅಪ್ಪನಿಂದ ಓದಿಸಿಕೊಳ್ಳಿರಿ. ಚಿಮಣಿಯನ್ನು ಗದರಿಸಿದ ಭಾಗವನ್ನು ಅವನು ಹಾರಿಸಿದರೆ, ಅಲ್ಲಿಯೇ ನಿಲ್ಲಿಸಿ ಓದಿಸಿರಿ. ಮೊದಲ ಹಾಳೆಯ ಮೂಲೆಯಲ್ಲಿ ಎಣ್ಣೆಯ ಕಲೆ ಇದೆ. ಈಗ ಹೆಗಲಿಗೆ ನಾನೇ ಹಚ್ಚಿಕೊಳ್ಳುತ್ತೇನೆ, ಬೆನ್ನಿಗೆ ಕೈ ಎಟುಕುವುದಿಲ್ಲ. ಆ ಕಲೆ ಬೇರೆ ಹಾಳೆಗಳಿಗೆ ಹತ್ತದಂತೆ ನಡುವೆ ಒಂದು ಕಾಗದ ಇಟ್ಟು, ಇವನ್ನು ಜೋಪಾನ ಮಾಡಿರಿ.