ಬೈಸಿಕೊಳ್ಳದ ಲಿಪ್‌ಸ್ಟಿಕ್

ಗೋಕಾಕದ ಕಾಲೇಜಿನಲ್ಲಿ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ನಮಗೊಂದು ಸಮೀಕ್ಷೆ ಮಾಡುವ ಕೆಲಸ ಬಿತ್ತು. ಹಲಾಲ್ ಎಂದು ಬರೆದ ಕ್ರೀಮು, ಲಿಪ್‌ಸ್ಟಿಕ್ಕುಗಳನ್ನು ಕಾಲೇಜು ಹುಡುಗಿಯರು ಏಕೆ ಕೊಳ್ಳುತ್ತಾರೆ ಎಂಬುದು ವಿಷಯ. ಅದನ್ನು ಆರಿಸಿದವಳು ನನ್ನ ಗೆಳತಿ, ಮೂಡಲಗಿಯ ಮುಸ್ಲಿಂ ಮನೆಯ ಹುಡುಗಿ. ನಾನು ಹುಕ್ಕೇರಿಯ ಲಿಂಗಾಯತರ ಮನೆಯವಳು. ಹಲಾಲ್ ಎಂದರೆ ಮಾಂಸದ ಅಂಗಡಿಯ ಮಾತು ಎಂದಷ್ಟೇ ತಿಳಿದಿದ್ದೆ. ಆದರೂ ಒಬ್ಬರನ್ನೂ ಕೇಳುವ ಮೊದಲೇ ವರದಿಯ ಕೊನೆಯ ಸಾಲು ಬರೆದಿಟ್ಟೆ: ‘ಮುಖ್ಯ ಕಾರಣ ಧರ್ಮಶ್ರದ್ಧೆ.’

ಗೆಳತಿ ಓದಿ ನಕ್ಕಳು. “ಮೊದಲ ಕೇಳೋಣು ಬಾ ಲೇ. ಉತ್ತರ ನಿನಗ ಗೊತ್ತಿದ್ರ ಅಡ್ಡಾಡೂದ್ಯಾಕ?”

ಕ್ಯಾಂಟೀನಿನ ಮುಂದೆ ಸಿಕ್ಕ ಮೊದಲ ಹುಡುಗಿ, “ನಮ್ಮ ಅಣ್ಣನ ಹೆಂಡ್ತಿ, ವೈನಿ ಹಚ್ಕೋತಾರ್ರಿ, ಅದಕ್ಕ,” ಎಂದಳು. ಇನ್ನೊಬ್ಬಳಿಗೆ ಆ ಕ್ರೀಮು ಮೊಡವೆಯ ಮೇಲೆ ಉರಿಯುತ್ತಿರಲಿಲ್ಲವಂತೆ. ಮೂರನೆಯವಳು, ಯಾರೋ ಒಬ್ಬಳು ಅದನ್ನು ಹಚ್ಚಿಕೊಂಡು ಒಂದು ತಾಟು ಬಿರಿಯಾನಿ ತಿಂದರೂ ತುಟಿಯ ಬಣ್ಣ ಹೋಗದ್ದನ್ನು ಮೊಬೈಲಿನಲ್ಲಿ ನೋಡಿದ್ದಳು. ಒಬ್ಬಳು ಮಾತ್ರ, ಇದನ್ನು ಹಚ್ಚಿಕೊಂಡೇ ನಮಾಜು ಮಾಡಬಹುದು ಎಂದಳು. ನಾನು ಗೆದ್ದವಳಂತೆ ಪೆನ್ನು ತೆಗೆಯುವಷ್ಟರಲ್ಲಿ, “ಮತ್ತ ಡಬ್ಬಿನೂ ಚಂದ ಐತ್ರಿ,” ಎಂದು ಸೇರಿಸಿಬಿಟ್ಟಳು.

ಸಂಜೆ ಬಸ್ ನಿಲ್ದಾಣದಲ್ಲಿ ಗೆಳತಿಯನ್ನೇ ಕೇಳಿದೆ. “ನೀ ಯಾಕ ಹಚ್ಕೋತಿ?”

“ಖರೆ ಹೇಳ್ಲೇನು? ಲಿಪ್‌ಸ್ಟಿಕ್ ಅಂದ್ರ ನಮ್ಮ ಅಮ್ಮಿ ಬೈತಿದ್ಲು. ಇದರ ಮ್ಯಾಲ ಹಲಾಲ್ ಅಂತ ಐತಲ್ಲ, ಈಗ ಹೆಂಗ ಬೈತಾಳ?”

ಮುಂದಿನ ವಾರ ನಾನೂ ಒಂದು ಕೊಂಡೆ. ಸಮೀಕ್ಷೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಇಟ್ಟಿಗೆಗೆಂಪು ನನಗೆ ಒಪ್ಪುತ್ತಿತ್ತು ಎಂಬುದು ಬೇರೆ ಮಾತು. ಮನೆಯಲ್ಲಿ ಪೂಜೆ ಮುಗಿಸಿ, ವಿಭೂತಿಯ ಹಣೆಯಲ್ಲೇ ಎದ್ದು ಬಂದ ಅಜ್ಜಿ ಡಬ್ಬಿಯನ್ನು ತಿರುಗಿಸಿ ನೋಡಿದಳು.

“ಏನ ಬರದೈತಿ ಇದರಾಗ?”

“ಹಂದಿ ಕೊಬ್ಬಿಲ್ಲ, ಸೆರೆ ಇಲ್ಲ ಅಂತ.”

ಅಜ್ಜಿ ನನ್ನ ತುಟಿಯನ್ನೇ ದಿಟ್ಟಿಸಿದಳು. “ಹಂಗಾರ ಇಷ್ಟ ದಿನಾ ಹಚ್ಕೊಂಡಿದ್ರಾಗ ಏನಿತ್ತವಾ?”

ಮೂರು ವರ್ಷ ಕಾಲೇಜು ಕಲಿತ ನಾನು ಅದರ ಡಬ್ಬಿಯನ್ನು ಒಮ್ಮೆಯೂ ಓದಿರಲಿಲ್ಲ. ಹಳೆಯ ಲಿಪ್‌ಸ್ಟಿಕ್ ಅಂದೇ ತಿಪ್ಪೆ ಸೇರಿತು.

ಸೋಮವಾರ ಇದನ್ನು ಹೇಳಿದಾಗ ಗೆಳತಿ ಹೊಟ್ಟೆ ಹಿಡಿದು ನಕ್ಕಳು. “ಹಲಾಲ್ ಅಂದ್ರ ಶಾಕಾಹಾರಿ ಅಂತಲ್ಲ ಲೇ. ನಿಮ್ಮ ಅಜ್ಜಿಗೆ ಹಸಿರು ಚುಕ್ಕಿನೂ ಬೇಕಾಕ್ಕೈತಿ.” ನಾನು ಚೀಲದಿಂದ ಡಬ್ಬಿ ತೆಗೆದೆ. ಇಬ್ಬರೂ ಡಬ್ಬಿಯನ್ನು ಬೆಳಕಿಗೆ ಹಿಡಿದು ಹುಡುಕಿದೆವು. ಒಂದು ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು, ಹಸಿರು ಚುಕ್ಕಿ ಇತ್ತು. ಜೀವ ಬಂದಂತಾಯಿತು. ವರದಿಯ ಆ ಧರ್ಮಶ್ರದ್ಧೆಯ ಸಾಲನ್ನು ಹೊಡೆದುಹಾಕಿ, ವೈನಿ, ಮೊಡವೆ, ಬಿರಿಯಾನಿ, ಅಮ್ಮಿ ಎಲ್ಲರನ್ನೂ ಬರೆದೆ. ಅಜ್ಜಿಯನ್ನೂ ಬರೆದೆ.

ಮನೆಗೆ ಹೋಗಿ, ಗೆಳತಿ ಹೇಳಿದ್ದನ್ನೆಲ್ಲ ಹೇಳಿ ಅಜ್ಜಿಗೆ ಚುಕ್ಕಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಛಲೋ ಆತು. ನನ್ನ ಹಿಮ್ಮಡಿ ಒಡದಾವು, ಅದಕ್ಕೂ ಇಂಥಾದ್ದ ಒಂದ ಮಲಾಮ ತಗೊಂಡ ಬಾ. ನಿನ್ನ ಗೆಳತಿನ್ನ ಕರ್ಕೊಂಡ ಹೋಗು. ನಿನಗ ಒಬ್ಬಾಕಿಗೆ ಓದಾಕ ಬರೂದಿಲ್ಲ.”