ಶೀನಣ್ಣನ ಅ

ಇವತ್ತು ಪಕ್ಕದ ಅಂಗಡಿಯ ಶಟರಿಗೆ ಬೆಳಿಗ್ಗೆಯಿಂದ ಬಣ್ಣ ಬಳಿಯುತ್ತಿದ್ದರು. ಎನಾಮೆಲ್ಲಿನ ವಾಸನೆ ಗೋಡೆ ದಾಟಿ ನನ್ನ ಕಂಪ್ಯೂಟರಿನ ಮುಂದೆ ಬಂದು ಕೂತಿತ್ತು. ಈ ವಾಸನೆಗೆ ನಿಮಗೆ ತಲೆನೋವು ಬರಬಹುದು. ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ, ಮೊದಲ ಹೆಸರು ನನ್ನದೇ.

ಕುಂದಾಪುರದಲ್ಲಿ ನನ್ನದೊಂದು ಡಿಸೈನ್ ಅಂಗಡಿ. ಮದುವೆ ಕಾಗದ, ಗೇರುಬೀಜದ ಪೊಟ್ಟಣ, ಹೋಟೆಲಿನ ಬೋರ್ಡು, ಏನು ಕೇಳಿದರೂ ಮಾಡಿಕೊಡುತ್ತೇನೆ. 'ಒಂಚೂರ್ ದೊಡ್ಡ ಮಾಡಿ' ಅಂದರೆ ದೊಡ್ಡ. 'ಕೆಂಪ್ ಸಾಕಾತಿಲ್ಲ' ಅಂದರೆ ಇನ್ನೂ ಕೆಂಪು. ಒಬ್ಬ ಮದುಮಗನ ಅಪ್ಪನಿಗೆ ಕಾಗದದಲ್ಲಿ ತನ್ನ ಹೆಸರು ಗಣಪತಿಗಿಂತ ದೊಡ್ಡದಾಗಿ ಕಾಣಬೇಕಿತ್ತು. ಗಣಪತಿಯನ್ನು ಚಿಕ್ಕ ಮಾಡಿದೆ. ದೇವರು ಸುಮ್ಮನಿದ್ದ, ಗಿರಾಕಿ ಖುಷಿಯಾದ. ಇಷ್ಟೆಲ್ಲ ಮಾಡುವವಳಿಗೆ ತನ್ನ ಅಂಗಡಿಗೊಂದು ಬೋರ್ಡು ಬರೆದುಕೊಳ್ಳಲು ಮಾತ್ರ ಇವತ್ತಿನವರೆಗೂ ಆಗಿಲ್ಲ.

ನನಗೆ ಅಕ್ಷರ ಬರೆಯಲು ಕಲಿಸಿದವರು ಪಕ್ಕದ ಕೋಡಿ ಊರಿನ ಶೀನಣ್ಣ. ದೋಣಿಗಳ ಮೇಲೆ ಹೆಸರು ಬರೆಯುವುದು ಅವರ ಕಸುಬು. ಕಾಲೇಜಿನ ದಿನಗಳಲ್ಲಿ ಕ್ಲಾಸು ತಪ್ಪಿಸಿ ಅವರ ಎನಾಮೆಲ್ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದೆ. "ಅಕ್ಷರದ್ ಹೊಟ್ಟಿ ಉಸ್ರ್ ತಕಂಬಂಗೆ ಇರ್ಕ್ ಹೆಣ್ಣೆ" ಎನ್ನುತ್ತಿದ್ದರು. ದೋಣಿಯ ಯಜಮಾನರಿಗೆ ಬೇಕಾದದ್ದು ಉಸಿರಾಡುವ ಅಕ್ಷರ ಅಲ್ಲ, ಹುಲಿ. ಹೆಸರಿನ ಎರಡೂ ಕಡೆ ಹುಲಿ, ಹುಲಿಯ ಹಿಂದೆ ಸೂರ್ಯ. ಶೀನಣ್ಣ ಹೇಳಿದ ಹಾಗೆಯೇ ಬರೆದು ಮೂರೇ ದಿನದಲ್ಲಿ ಮುಗಿಸಿ ಕೊಡುತ್ತಿದ್ದರು.

ಹೊಳೆಮೀನು ಹಿಡಿಯಲು ಅವರೇ ಒಂದು ಹಳೆಯ ಸಣ್ಣ ದೋಣಿ ಕೊಂಡರು. ಅದಕ್ಕೆ ತಾಯಿಯ ನೆನಪಿಗೆ 'ಅಬ್ಬಿ' ಎಂದು ಹೆಸರು; ನಮ್ಮ ಕಡೆ ಅಬ್ಬಿ ಎಂದರೆ ಅಮ್ಮ. ಎರಡೇ ಅಕ್ಷರದ ಹೆಸರು ಬರೆಯಲು ಎರಡು ವರ್ಷ ಹಿಡಿಯಿತು. ಬರೆಯುವುದು, ದೂರ ನಿಂತು ನೋಡುವುದು, ಕೆರೆದು ತೆಗೆಯುವುದು.

"ಎಂತ ಶೀನಣ್ಣ, ಊರಿನವ್ರದ್ದೆಲ್ಲ ಮೂರ್ ದಿನ, ನಿಮ್ದ್ ಮುಗಿಯುದೇ ಇಲ್ಯಾ?" ಎಂದು ನಗಾಡಿದ್ದೆ.

"ಅವ್ರ ದೋಣಿಯಾರೆ ಸಾಕ್ ಅಂದೇಳಿ ಅವ್ರೇ ಹೇಳ್ತ್ರ್. ನನ್ ದೋಣಿಗೆ ಸಾಕ್ ಅಂಬುಕೆ ಯಾರಿದ್ರ್?" ಎಂದರು. ಆಗ ಅದು ಹಾಸ್ಯದ ಮಾತು ಎಂದುಕೊಂಡಿದ್ದೆ.

ಕೊನೆಗೊಂದು ದಿನ ಮುಗಿಯಿತು. ಆ 'ಅ'ವನ್ನು ನೀವು ನೋಡಬೇಕಿತ್ತು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡ ಹೆಂಗಸು ಬಾಗಿಲಲ್ಲಿ ನಿಂತ ಹಾಗಿತ್ತು. ಫೋಟೋ ತೆಗೆದು ನನ್ನ ಕಂಪ್ಯೂಟರಿನ ಪರದೆಗೆ ಹಾಕಿಕೊಂಡೆ.

ಹೋದ ವರ್ಷ ಒಬ್ಬರು ಹೋಟೆಲಿನವರು ಬಂದರು. ಅವರ ಹೆಸರು ಹೇಳುವುದಿಲ್ಲ, ನನ್ನಿಂದ ಪುಕ್ಕಟೆ ಪ್ರಚಾರ ಬೇಡ. ಹೋಟೆಲಿನ ಹೆಸರೂ 'ಅ'ದಿಂದಲೇ ಶುರು. ಹನ್ನೊಂದು ಡಿಸೈನ್ ತೋರಿಸಿದೆ, ಹನ್ನೊಂದನ್ನೂ ಮೂಗು ಮುರಿದು ಬದಿಗಿಟ್ಟರು. ಹನ್ನೆರಡನೆಯದನ್ನು ತೆರೆಯುವ ಮೊದಲು ಪರದೆಯ ಮೇಲಿನ ಫೋಟೋ ಅವರ ಕಣ್ಣಿಗೆ ಬಿತ್ತು.

"ಹ್ವಾಯ್, ಇದೇ! ಇಷ್ಟೊತ್ತ್ ಎಂತಕೆ ಅಡ್ಗಿಸಿ ಇಟ್ಟದ್ದ್?"

ಇಲ್ಲ ಎನ್ನಬಹುದಿತ್ತು. ಇದು ನನ್ನದಲ್ಲ ಎನ್ನಬಹುದಿತ್ತು. ದಣಿದಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಇವರೊಮ್ಮೆ ಸಾಕು ಎಂದರೆ ಸಾಕು ಅನಿಸಿತ್ತು, ಅಷ್ಟೇ. ಕೊಟ್ಟೆ. ಆಮೇಲೆ ಹಳದಿ ಮಾಡಿ ಎಂದರು, ಮಾಡಿದೆ. ನೆರಳು ಕೊಡಿ ಎಂದರು, ಕೊಟ್ಟೆ. ಬಾಣಸಿಗನ ಹಾಗೆ ಮೀಸೆ ಇಡಿ ಎಂದರು. ಶೀನಣ್ಣನ ತಾಯಿಗೆ ಮೀಸೆ ಇಟ್ಟೆ.

ಸಾಸ್ತಾನದ ಟೋಲ್ ಹತ್ತಿರ ದೊಡ್ಡ ಫ್ಲೆಕ್ಸು ಎದ್ದಿತು. ಉಡುಪಿಗೆ ಹೋಗುತ್ತಿದ್ದ ಶೀನಣ್ಣ ಬಸ್ಸಿನ ಕಿಟಕಿಯಿಂದ ನೋಡಿದರು. ಅಲ್ಲೇ ಇಳಿದು, ಎದುರಿನ ಬಸ್ಸು ಹತ್ತಿ ಸೀದಾ ನನ್ನ ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ.

"ಆ ಅಕ್ಷರ ನೀನ್ ಕೊಟ್ಟದ್ದಾ?"

"ಅವ್ರ್ ಕೇಂಡ್ರ್, ಶೀನಣ್ಣ."

"ನನ್ನತ್ರ ನೀ ಕೇಂಡ್ಯಾ?" ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಜೀವಮಾನ ಇಡೀ ಅವ್ರ್ ಹೇಳ್ದಂಗೆ ಬರ್ದೆ. ಇದೊಂದ್ ನಂಗೆ ಅಂದೇಳಿ ಬರ್ಕಂಡದ್ದ್. ಅದ್ನೂ ಕೊಟ್ಯಲೆ ಹೆಣ್ಣೆ!"

ಮರುದಿನ ಕೋಡಿಗೆ ಓಡಿದೆ. ಶೀನಣ್ಣ ಮನೆಯಲ್ಲಿರಲಿಲ್ಲ. ದೋಣಿ ಮರಳಿನ ಮೇಲಿತ್ತು, ಹೆಸರು ಇರಲಿಲ್ಲ. ಮರದ ಸಿಬಿರು ಏಳುವಷ್ಟು ಕೆರೆದಿದ್ದರು. ಅಲ್ಲಿಂದ ಹೋಟೆಲಿನವರ ಹತ್ತಿರ ಹೋಗಿ, ಬೇರೆ ಬರೆದುಕೊಡುತ್ತೇನೆ, ಅದನ್ನು ತೆಗೆಯಿರಿ ಎಂದು ಬೇಡಿಕೊಂಡೆ. "ಅಕ್ಷರಕ್ಕೂ ಯಜಮಾನ ಇರ್ತಾನಾ ಮಾರಾಯ್ತಿ?" ಎಂದು ನಕ್ಕರು.

ಈಗ ಶೀನಣ್ಣ ಎದುರಾದರೆ ತಲೆ ಆಡಿಸುತ್ತಾರೆ, ನಿಲ್ಲುವುದಿಲ್ಲ. ಆ ದೋಣಿ ಹೆಸರಿಲ್ಲದೆಯೇ ಹೊಳೆಗೆ ಇಳಿಯುತ್ತದೆ.

ಮೊನ್ನೆ ಆ ಹೋಟೆಲು ಬೈಂದೂರಿನಲ್ಲೂ ತೆರೆಯಿತು. ನನ್ನನ್ನು ಕೇಳುವ ಅಗತ್ಯವೇ ಬೀಳಲಿಲ್ಲ, ಫೈಲು ನಾನೇ ಕೊಟ್ಟಿದ್ದೆನಲ್ಲ. ಇವತ್ತು ಆ ವಾಸನೆಯಲ್ಲಿ ಕೂತಿರಲು ಆಗದೆ, ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬೈಂದೂರಿನ ಬಸ್ಸು ಹತ್ತಿದೆ. ಊಟದ ಹೊತ್ತು, ಒಂದು ಮೇಜೂ ಖಾಲಿ ಇರಲಿಲ್ಲ. ಗಲ್ಲೆಯ ಹುಡುಗಿ ತಲೆ ಎತ್ತದೆ, "ಪಾರ್ಸೆಲ್ಲಾ?" ಎಂದಳು.

"ಹೊರ್ಗಿನ್ ಬೋರ್ಡಿನ್ ಅಕ್ಷರ ಕೋಡಿ ಶೀನಣ್ಣಂದ್," ಎಂದೆ. "ಕದ್ದದ್ದ್ ನಾನ್."

ಅವಳು ಈಗ ತಲೆ ಎತ್ತಿದಳು. ಹಿಂದಿನ ಮೇಜಿನವರಿಗೆ ಕೇಳಿಸಿದಂತಿರಲಿಲ್ಲ. ಅವರ ಕಡೆ ತಿರುಗಿ, ಮೊದಲಿಗಿಂತ ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.