ನೀರುಕಾಗೆಗಳ ಎದುರು ಮೀನುಮರಿ ಬಿಟ್ಟ ದಿನ

ಭದ್ರಾವತಿಯ ಹೊರಗೆ, ಭದ್ರಾ ಹೊಳೆಯ ದಂಡೆಯಲ್ಲಿದ್ದ ಸಣ್ಣ ಮೀನುಮರಿ ಸಾಕಣೆ ಕೇಂದ್ರಕ್ಕೆ ನನಗೆ ವರ್ಗವಾದಾಗ ಮನೆಯಲ್ಲಿ ಯಾರೂ ಸಂತೋಷಪಡಲಿಲ್ಲ. ನಮ್ಮದು ಸಂಸ್ಕೃತ ಪಾಠ ಹೇಳುವವರ ಮನೆತನ. ಮೀನಿನ ವಿಷಯದಲ್ಲಿ ನಮ್ಮವರಿಗೆ ಗೊತ್ತಿದ್ದದ್ದು, ದಶಾವತಾರದಲ್ಲಿ ಅದು ಮೊದಲನೆಯದು ಎಂಬುದಷ್ಟೇ. ನ್ಯೂ ಟೌನಿನ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದ ಅಮ್ಮ, ಸಂಜೆ ನಾನು ಬಾಗಿಲಿಗೆ ಬರುವಷ್ಟರಲ್ಲಿ ಬಚ್ಚಲಲ್ಲಿ ಬಿಸಿನೀರು ಇಟ್ಟಿರುತ್ತಿದ್ದಳು.

"ತಿನ್ನೋರು ಸಾಕ್ಲಿ ಮಾರಾಯ್ತಿ. ನಿನಗ್ಯಾಕೆ ಈ ಉಸಾಬರಿ?" ಎನ್ನುತ್ತಿದ್ದಳು.

"ನಾನು ತಿನ್ನಲ್ಲ ಅಂತಲೇ ಅಲ್ಲಿಗೆ ಹಾಕಿದಾರೆ ಅಮ್ಮ. ಮರಿ ಕಮ್ಮಿಯಾದ್ರೆ ನನ್ ಮೇಲಂತೂ ಅನುಮಾನ ಬರಲ್ಲ."

ನಾವು ಸಾಕುತ್ತಿದ್ದದ್ದು ಮಹಶೀರ್. ಹಿಂದೆ ಈ ಹೊಳೆಯಲ್ಲಿ ಆಳೆತ್ತರದವು ಇದ್ದುವಂತೆ. ಈಗ ಬೆಸ್ತರ ಬಲೆಗೂ ಅಪರೂಪ. ಹಾಗಾಗಿ ನಾಲ್ಕು ಸಿಮೆಂಟು ತೊಟ್ಟಿಗಳಲ್ಲಿ ಮರಿಗಳನ್ನು ಬೆರಳುದ್ದ ಬೆಳೆಸಿ ಹೊಳೆಗೆ ಬಿಡಬೇಕು ಎಂಬುದು ಯೋಜನೆ. ಕೆಲಸಕ್ಕೆ ಇದ್ದವರು ಇಬ್ಬರು: ನಾನು ಮತ್ತು ಕಾವಲುಗಾರ. ಆತ ಊರಿನ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ಆಯುಷ್ಯ ಕಳೆದು ನಿವೃತ್ತನಾದವನು. ಮನೆಮಾತು ತಮಿಳು, ಜಗಳಕ್ಕೆ ಮಾತ್ರ ಕನ್ನಡ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ.

ಮರಿಗಳು ಕಣ್ಣಿಗೆ ಕಾಣುವಷ್ಟು ಬೆಳೆದ ವಾರವೇ ನೀರುಕಾಗೆಗಳು ಬಂದವು. ಮೊದಲು ಎರಡು, ಆಮೇಲೆ ಒಂದು ಹಿಂಡು. ಕಪ್ಪು ಕೋಟು ತೊಟ್ಟ ವಕೀಲರ ಹಾಗೆ ಕಟ್ಟೆಯ ಮೇಲೆ ಸಾಲಾಗಿ ಕೂರುವವು, ಒಂದೊಂದಾಗಿ ನೀರಿಗೆ ಮುಳುಗಿ ಏಳುವವು. ಶಿವಮೊಗ್ಗದಲ್ಲಿದ್ದ ನಮ್ಮ ಇಲಾಖೆಯ ಸಾಹೇಬರಿಗೆ ಫೋನ್ ಮಾಡಿದೆ.

"ನೋಡಿ, ಮೀನು ಅಳಿವಿನಂಚಿನದು. ಒಂದೂ ಹೋಗಬಾರ್ದು," ಎಂದರು. "ಹಾಗಂತ ಹಕ್ಕಿಗೆ ಒಂದೇಟೂ ಬೀಳಬಾರ್ದು. ಕಾನೂನಿದೆ. ಎರಡನ್ನೂ ಕಾಪಾಡಿ."

"ಹೇಗೆ ಸಾರ್?"

"ಪಟಾಕಿ ಹೊಡ್ಸಿ."

ಅಣ್ಣ ಪಟಾಕಿ ಹೊಡೆದ. ಮೊದಲ ದಿನ ಹಕ್ಕಿಗಳು ಹಾರಿಹೋದವು. ಎರಡನೇ ದಿನ ಎದುರಿನ ಮರದವರೆಗೆ ಹೋಗಿ ಬಂದವು. ವಾರ ಕಳೆಯುವಷ್ಟರಲ್ಲಿ ಪಟಾಕಿಯ ಸದ್ದು ಅವಕ್ಕೆ ಊಟದ ಗಂಟೆಯಾಗಿತ್ತು. ಆಮೇಲೆ ಅಣ್ಣ ತನ್ನ ಹಳೆಯ ಖಾಕಿ ಸಮವಸ್ತ್ರಕ್ಕೆ ಹುಲ್ಲು ತುಂಬಿ, ಮೇಲೊಂದು ಹೆಲ್ಮೆಟ್ಟಿಟ್ಟು ಬೆದರುಬೊಂಬೆ ನಿಲ್ಲಿಸಿದ. ಮರುದಿನ ಬೆಳಿಗ್ಗೆ ಅದರ ಹೆಲ್ಮೆಟ್ಟಿನ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು.

"ಮೂವತ್ತು ವರ್ಷ ಆ ಡ್ರೆಸ್ ನೋಡಿ ಫೋರ್‌ಮನ್ನೇ ಹೆದರ್ಲಿಲ್ಲ," ಎಂದು ಅಣ್ಣ ನಿಟ್ಟುಸಿರು ಬಿಟ್ಟ. "ಇದು ಹೆದರುತ್ತಾ ಮೇಡಂ?"

ಕೊನೆಗೆ ತೊಟ್ಟಿಗಳ ಮೇಲೆ ಅಡ್ಡಡ್ಡ ನೈಲಾನ್ ದಾರ ಬಿಗಿದೆವು. ಮೂರನೇ ದಿನ ಒಂದು ಹಕ್ಕಿ ಅದಕ್ಕೆ ಸಿಕ್ಕಿಬಿತ್ತು. ದಾರ ರೆಕ್ಕೆಯ ಬುಡಕ್ಕೆ ಸುತ್ತಿಕೊಂಡು, ಅದು ನೀರಿಗೆ ಬಡಿಯುತ್ತಿತ್ತು. ದಿನವೂ ಮನಸ್ಸಿನಲ್ಲಿ ಶಪಿಸುತ್ತಿದ್ದ ಹಕ್ಕಿಗಾಗಿ ಸೊಂಟದ ಮಟ್ಟದ ನೀರಿಗೆ ಸೀರೆಯಲ್ಲೇ ಇಳಿದೆ. ಅಣ್ಣ ಗೋಣಿಚೀಲ ಹಾಕಿ ಅದನ್ನು ಹಿಡಿದ, ನಾನು ಕತ್ತರಿಯಿಂದ ದಾರ ಕತ್ತರಿಸಿದೆ. ಕೃತಜ್ಞತೆಗೆ ನನ್ನ ಕೈಯನ್ನು ಎರಡು ಕಡೆ ಕುಕ್ಕಿತು. ಆಮೇಲೆ ಕತ್ತು ಚಾಚಿ, ನುಂಗಿದ್ದನ್ನೆಲ್ಲ ಕಟ್ಟೆಯ ಮೇಲೆ ಕಕ್ಕಿತು.

ಐದು ಮೀನು. ಎರಡು ನಮ್ಮ ಮಹಶೀರ್ ಮರಿ. ಉಳಿದ ಮೂರು ಜಿಲೇಬಿ ಮೀನು, ಅಂದರೆ ತಿಲಾಪಿಯ. ಇವು ಹೊಳೆಯ ನೀರಿನ ಜೊತೆ ಯಾವಾಗಲೋ ಒಳಗೆ ಸೇರಿಕೊಂಡು ನಮ್ಮ ಮರಿಗಳ ಆಹಾರವನ್ನು ಮುಕ್ಕುತ್ತಿದ್ದವು. ನಾನೇ ಎಷ್ಟೋ ದಿನದಿಂದ ಅವನ್ನು ತೆಗೆಸಬೇಕು ಎಂದುಕೊಂಡು ಸುಮ್ಮನಿದ್ದೆ.

"ಪರವಾಗಿಲ್ಲ ಮೇಡಂ, ಅರ್ಧ ಕಳ್ತನ ಆದ್ರೂ ಅರ್ಧ ಡ್ಯೂಟಿ ಮಾಡಿದೆ," ಎಂದ ಅಣ್ಣ.

ಮಹಶೀರ್ ಮರಿಗಳಲ್ಲಿ ಒಂದರ ಕಿವಿರು ಇನ್ನೂ ಆಡುತ್ತಿತ್ತು. ಬೊಗಸೆಯಲ್ಲಿ ಎತ್ತಿ ನೀರಿಗೆ ಬಿಟ್ಟೆ. ಸ್ವಲ್ಪ ಹೊತ್ತು ಮಗ್ಗುಲಾಗಿ ತೇಲಿ, ಆಮೇಲೆ ನೆಟ್ಟಗಾಗಿ ತಳಕ್ಕೆ ಇಳಿಯಿತು. ಅಂದೇ ದಾರಗಳನ್ನು ಬಿಚ್ಚಿ, ಬೆಸ್ತರಿಂದ ಹಳೆಯ ಬಲೆ ತಂದು ತೊಟ್ಟಿಗಳ ಮೇಲೆ ಪೂರ್ತಿ ಬಿಗಿಯಾಗಿ ಹೊದಿಸಿದೆವು. ಹಕ್ಕಿಗಳು ಹೊಳೆಯಂಚಿನ ಮತ್ತಿಮರಕ್ಕೆ ಬಿಡಾರ ಬದಲಿಸಿದವು. ಬಿಸಿಲೇರಿದ ಮೇಲೆ ಅವು ಹೊಳೆಗಿಳಿಯುವ ಮೆಟ್ಟಿಲಿನ ಬಳಿಯ ತೆಳುನೀರಿನಲ್ಲಿ ಬೇಟೆಯಾಡುವುದನ್ನು ನಾನು ದಿನವೂ ನೋಡುತ್ತಿದ್ದೆ.

ಮರಿಗಳು ಬೆರಳುದ್ದ ಬೆಳೆದವು. ಹೊಳೆಗೆ ಬಿಡಲು ದೊಡ್ಡ ಅತಿಥಿಯೊಬ್ಬರು ಬರುವುದೆಂದು ತೀರ್ಮಾನವಾಯಿತು. ನಾನು ಸಾಹೇಬರಿಗೆ ಹೇಳಿದೆ: "ಸಾರ್, ಬೆಳಕು ಹರಿಯೋ ಹೊತ್ತಿಗೆ, ಬಂಡೆಗಳಿರೋ ಮಡುವಿನಲ್ಲಿ, ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಹಕ್ಕಿ ಕಣ್ಣಿಗೆ ಬೀಳಬಾರ್ದು."

"ಅವರ ವಿಮಾನ ಸೋಗಾನೆಗೆ ಬರೋದೇ ಹತ್ತು ಗಂಟೆ ಮೇಲೆ ಕಣಮ್ಮ. ಬಂಡೆ ಹತ್ರ ಶಾಮಿಯಾನ ಎಲ್ಲಿ ಹಾಕ್ಸೋಣ? ಮೆಟ್ಟಿಲ ಹತ್ರಾನೇ ಆಗ್ಲಿ."

ಸರ್ಕಾರಿ ಕೆಲಸದಲ್ಲಿ ನಾನು ಅಪ್ಪಣೆ ಮೀರಿದ್ದು ಅದೊಂದೇ ಸಲ. ಸಮಾರಂಭದ ದಿನ ಮುಂಜಾನೆ, ಅಣ್ಣನೂ ನಾನೂ ಮುಕ್ಕಾಲು ಪಾಲು ಮರಿಗಳನ್ನು ಕ್ಯಾನುಗಳಲ್ಲಿ ಹೊತ್ತು, ಮೇಲ್ಗಡೆಯ ಮಡುವಿನ ಐದಾರು ಕಡೆ ಬಿಟ್ಟುಬಂದೆವು. ಬಂಡೆಯ ಸಂದಿಗೆ ಅವು ಸರ್ರನೆ ಸರಿದು ಕಾಣದಾದವು. ನಮ್ಮಿಬ್ಬರನ್ನು ಬಿಟ್ಟರೆ ನೋಡಲು ಯಾರೂ ಇರಲಿಲ್ಲ. ನನಗೆ ಸುಮ್ಮಸುಮ್ಮನೆ ಅಳು ಬಂತು.

ಅತಿಥಿಗಳು ಬಂದಾಗ ಹನ್ನೊಂದೂವರೆ. ಮಾಲೆ, ಭಾಷಣ ಮುಗಿದು, ಅವರು ಬಕೆಟ್ ಬಗ್ಗಿಸಿದರು. ಫೋಟೋದವನು "ಇನ್ನೊಂದ್ ಸಲ ಸಾರ್, ನಿಧಾನಕ್ಕೆ" ಎಂದ. ನಿಧಾನಕ್ಕೆ ಬಗ್ಗಿಸಿದರು. ಮತ್ತಿಮರ ಖಾಲಿಯಾಯಿತು. ನೀರುಕಾಗೆಗಳು ಮೆಟ್ಟಿಲಿಂದ ಹತ್ತಡಿ ದೂರದಲ್ಲಿ ಇಳಿದು, ಶಿಸ್ತಾಗಿ, ಒಂದೊಂದಾಗಿ ಮುಳುಗತೊಡಗಿದವು.

"ಓಹೋ, ಪಕ್ಷಿಗಳೂ ಬಂದಿವೆ!" ಎಂದು ಅತಿಥಿಗಳು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಸಾಹೇಬರು ಮಾತ್ರ ನನ್ನ ಮುಖ ನೋಡಿ, ತಗ್ಗಿದ ದನಿಯಲ್ಲಿ "ಎಲ್ಲಾ ಇಷ್ಟೇನಾ?" ಎಂದು ಕೇಳಿದರು.

"ಇಲ್ಲ ಸಾರ್. ಉಳಿದವು ಬೆಳಿಗ್ಗೆನೇ ಹೋದ್ವು."

ಅವರು ನೀರಿನ ಕಡೆ ಮುಖ ತಿರುಗಿಸಿದರು. "ನಂಗೇನೂ ಗೊತ್ತಿಲ್ಲ," ಎಂದರು. ಅದು ಬೈಗುಳವಲ್ಲ, ಒಪ್ಪಿಗೆ ಎಂದು ನನಗೆ ಅರ್ಥವಾಯಿತು.

ಮರುವರ್ಷ ಅವರದೇ ಸಹಿಯ ಸುತ್ತೋಲೆ ಬಂತು: ಮರಿಗಳನ್ನು ಬೆಳಗಿನ ಜಾವ ಮಡುವಿನಲ್ಲಿ ಬಿಡತಕ್ಕದ್ದು, ಸಮಾರಂಭಕ್ಕೆ ಬರಿಯ ನೀರು ತುಂಬಿದ ಬಕೆಟ್ ಸಾಕು. ಈ ಹೊಸ ಕ್ರಮಕ್ಕಾಗಿ ಅವರಿಗೆ ಪ್ರಶಂಸಾಪತ್ರವೂ ಸಿಕ್ಕಿತು. ಅತಿಥಿಗಳು ಎಂದಿನಂತೆ ಬಂದು ಬರಿಯ ನೀರನ್ನು ಹೊಳೆಗೆ ಸುರಿದು, ಕೈ ಮುಗಿದು ಹೋದರು. ಆ ನೀರಿನಲ್ಲಿ ಏನೂ ಇಲ್ಲ ಎಂಬುದನ್ನು ಕಂಡುಹಿಡಿದವು ನೀರುಕಾಗೆಗಳು ಮಾತ್ರ.